ಕಲ್ಯಾಣಿಯಲ್ಲಿ ನನ್ನದೊಂದು ಕೃತಿ

ಸೇನಾ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತಳಾದ ಮೇಲೆ, ಕರ್ನಾಟಕ ಸಂಗೀತದಲ್ಲಿ ಒಂದು ಕೃತಿ ರಚಿಸಬೇಕೆಂದು ಹೊರಟೆ. ಮಡಿಕೇರಿಯಲ್ಲಿ ಚಿಕ್ಕವಳಿದ್ದಾಗ ಏಳು ವರ್ಷ ಹಾಡು ಕಲಿತಿದ್ದೆ. ಆಮೇಲೆ ವರ್ಗವಾದಲ್ಲೆಲ್ಲ ಶ್ರುತಿಪೆಟ್ಟಿಗೆ ಟ್ರಂಕಿನಲ್ಲೇ ಪ್ರಯಾಣ ಮಾಡಿತು.

ಫರೀದಾಬಾದಿನ ಮನೆಯಲ್ಲಿ ಈ ಮಾತೆತ್ತಿದಾಗ, ಸೇನೆಯಿಂದಲೇ ನಿವೃತ್ತರಾಗಿದ್ದ ನನ್ನ ಯಜಮಾನರು ಪೇಪರ್ ಕೆಳಗಿಟ್ಟರು.

"ಹಾಡು, ಬೇಡ ಅನ್ನೋರು ಯಾರು? ಆದ್ರೆ ಹೊಸದು ಕಟ್ಟೋದ್ಯಾಕೆ? ಇರೋದನ್ನ ಹಾಡೋಕೇ ಒಂದು ಜನ್ಮ ಸಾಲದು."

"ಇರೋದೆಲ್ಲ ಬೇರೆಯವರು ಹೇಳಿದ್ದು. ನಂಗೂ ಏನೋ ಹೇಳೋದಿದೆ."

ಅದೇನೆಂದು ನನಗೂ ಇನ್ನೂ ಗೊತ್ತಿರಲಿಲ್ಲ.

ನನಗೆ ಸಿಕ್ಕ ಗುರು ಮೈಸೂರಿನ ಒಬ್ಬ ಯುವತಿ. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತ ದೆಹಲಿಯ ಮುನಿರ್ಕಾದಲ್ಲಿ ಮೂರನೇ ಮಹಡಿಯ ಬಾಡಿಗೆ ಕೋಣೆಯಲ್ಲಿದ್ದರು. ನನ್ನ ಮಗಳಿಗಿಂತ ಚಿಕ್ಕವರು. ಕಲಿಸುವವರೆಂದು ನಾನು ಬಹುವಚನ ಬಿಡಲಿಲ್ಲ, ಅವರು ನನ್ನನ್ನು ಆಂಟಿ ಎನ್ನುವುದನ್ನು ಬಿಡಲಿಲ್ಲ. ವಾರಕ್ಕೆರಡು ಸಲ ಕಾಲ್ಕಾಜಿಯಲ್ಲಿ ಮೆಟ್ರೋ ಬದಲಿಸಿ ಹೋಗುತ್ತಿದ್ದೆ. ಮೊದಲ ಆರು ತಿಂಗಳು ಒಂದು ಸಾಲನ್ನೂ ಬರೆಯಲು ಬಿಡದೆ ಕಲ್ಯಾಣಿ ರಾಗವನ್ನಷ್ಟೇ ಹಾಡಿಸಿದರು.

ಕೊನೆಗೊಂದು ದಿನ ನನ್ನ ಪಲ್ಲವಿ ಸಿದ್ಧವಾಯಿತು. ಹಾಡಿ ತೋರಿಸಿದೆ. ಅವರು ಎರಡನೆಯ ಸಾಲನ್ನು ಮತ್ತೆ ಹಾಡಿಸಿದರು.

"ಆಂಟಿ, ಬೇಜಾರು ಮಾಡ್ಕೋಬೇಡಿ. ಈ ಸಾಲು ನಿಮ್ಮದಲ್ಲ."

ಎಂದವರೇ ಹಳೆಯ ವರ್ಣವೊಂದನ್ನು ಹಾಡಿದರು. ಮಡಿಕೇರಿಯಲ್ಲಿ ನಾನೇ ಬಾಯಿಪಾಠ ಮಾಡಿದ್ದ ವರ್ಣ. ಸ್ವರಕ್ಕೆ ಸ್ವರ ಅದೇ. ಕದ್ದು ಸಿಕ್ಕಿಬಿದ್ದವಳಂತೆ ಕಿವಿ ಬಿಸಿಯಾಯಿತು.

"ಬೇರೆ ರಾಗ ತಗೊಳ್ಳೋಣ್ವಾ? ಕಲ್ಯಾಣಿ ನಿಮ್ಮ ತಲೇಲಿ ತುಂಬ್ಕೊಂಡಿದೆ."

"ಬೇಡ. ಕಲ್ಯಾಣಿಯಲ್ಲೇ ಮಾಡ್ತೀನಿ."

ಮನೆಗೆ ಬಂದು ಆ ಹಾಳೆ ಹರಿದೆ. ಯಜಮಾನರು ನೋಡಿ, "ಸಾಕು ಬಿಡು, ಪ್ರಯತ್ನ ಪಟ್ಟೆಯಲ್ಲ," ಎಂದರು. ಕನಿಕರದಿಂದಲೇ ಹೇಳಿದ್ದು. ಅದೇ ನನ್ನನ್ನು ಕೆರಳಿಸಿತು.

"ಕಾಲು ಕಳಕೊಂಡ ಹುಡುಗರಿಗೆ ನಾನು ಒಂದು ದಿನಾನೂ ಸಾಕು ಬಿಡು ಅಂದಿಲ್ಲ," ಎಂದೆ.

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಆ ಸೈನಿಕರು ಕೃತಕ ಕಾಲು ಕಟ್ಟಿಕೊಂಡು ಕಂಬಿ ಹಿಡಿದು ನಿಂತಾಗ, "ಏಕ್ ಕದಮ್ ಔರ್" ಎನ್ನುತ್ತ ಎದುರಿಗೆ ನಿಂತು ಹಿಂದೆ ಹಿಂದೆ ಸರಿಯುವುದು ನನ್ನ ಕೆಲಸವಾಗಿತ್ತು. ಅವರು ಬೈಯುತ್ತಿದ್ದರು, ಅಳುತ್ತಿದ್ದರು, ಆಮೇಲೆ ಹೆಜ್ಜೆ ಇಡುತ್ತಿದ್ದರು. ನಾನು ಹೇಳಬೇಕಿದ್ದುದು ಇದೇ. 'ಇನ್ನೊಂದು ಹೆಜ್ಜೆ ಇಡು ಮನವೇ' ಎಂದು ಬರೆದೆ.

ಮಾತು ಸಿಕ್ಕಿದ ಮೇಲೂ ಸ್ವರ ಸುಲಭವಾಗಿ ಬರಲಿಲ್ಲ. ದಿನವೂ ಬೆಳಗಿನ ಕಾಫಿಯಾದೊಡನೆ ಕೂತೆ. ಪ್ರತಿ ಸಾಲನ್ನೂ ಮೊಬೈಲಿನಲ್ಲಿ ಹಿಡಿದಿಟ್ಟು, ಎಲ್ಲಿಂದ ಬಂತು ಎಂದು ಪೊಲೀಸರಂತೆ ವಿಚಾರಿಸಿದೆ. ಅನುಪಲ್ಲವಿಯನ್ನು ಒಂಬತ್ತು ಸಲ ಬದಲಿಸಿದೆ. ಗುರುಗಳು ಎರಡು ಸಲ ತಾಳ ತಪ್ಪಿದೆಯೆಂದು ವಾಪಸ್ಸು ಕಳಿಸಿದರು. ವರ್ಷ ಕಳೆಯಿತು.

ಕೃತಿ ಮುಗಿದ ದಿನ ಗುರುಗಳ ಕೋಣೆಯಲ್ಲಿ ಅವರ ನಾಲ್ಕೈದು ಗೆಳತಿಯರು ಸೇರಿದ್ದರು. ನನ್ನ ಮಗಳೂ ಯಜಮಾನರೂ ಬಂದಿದ್ದರು. ತಾರಸ್ಥಾಯಿಗೆ ನನ್ನ ದನಿ ಏರದ್ದರಿಂದ ಗುರುಗಳೇ ಹಾಡಿದರು. ನನ್ನ ಕೃತಿಯನ್ನು ಇನ್ನೊಬ್ಬರ ಕೊರಳಲ್ಲಿ ಕೇಳುತ್ತ ನಾನು ತಾಳ ಹಾಕಿದೆ.

ಉತ್ತರ ಭಾರತದಲ್ಲೇ ಬೆಳೆದ ಮಗಳು, "ಅಮ್ಮಾ, ಸಚ್ಚೀ? ಪೂರಾ ನೀನೇ ಮಾಡಿದ್ದಾ?" ಎಂದಳು.

"ಒಂದೊಂದು ಸಾಲೂ," ಎಂದರು ಗುರುಗಳು.

ಯಜಮಾನರು ಮನೆಗೆ ಮರಳುವಾಗ ಮೆಟ್ರೋದಲ್ಲಿ ಪಲ್ಲವಿಯನ್ನು ಅಪಶ್ರುತಿಯಲ್ಲಿ ಗುನುಗುತ್ತಿದ್ದರು. ನಾನು ತಿದ್ದಲಿಲ್ಲ.

ಈಗ ಎರಡನೆಯ ಕೃತಿ ಹಿಡಿದಿದ್ದೇನೆ, ತೋಡಿಯಲ್ಲಿ. ಚರಣ ಇನ್ನೂ ಸರಿ ಕೂತಿಲ್ಲ. ನಿನ್ನೆ ಪೂರ್ತಿ ಕಿತ್ತುಹಾಕಿದೆ.