ಗೈರುಹಾಜರಿಯ ಪದವಿ

ಅಮೆರಿಕದ ವಾಲ್ನಟ್ ಕ್ರೀಕಿನ ಬಿರುಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದ ಸುತ್ತ ಎಲ್ಲರೂ ಅರೆಬಟ್ಟೆಯಲ್ಲಿ ಬಿಸಿಲು ಕಾಯಿಸುತ್ತಿದ್ದರೆ, ಕಾಮತ್ ಮಾಮ ಮಾತ್ರ ಬಿಳಿ ಪಂಚೆ, ತುಂಬುತೋಳಿನ ಸ್ವೆಟರು, ಕುತ್ತಿಗೆಗೆ ಎರಡು ಸುತ್ತು ಮಫ್ಲರು ಹಾಕಿಕೊಂಡು ಪ್ಲಾಸ್ಟಿಕ್ ಪಟ್ಟಿಯ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ವಿಶ್ವವಿದ್ಯಾಲಯದ ನಿಯಮಾವಳಿ ಓದುತ್ತಿದ್ದರು. ಓದುತ್ತಾ ಓದುತ್ತಾ ಒಬ್ಬರೇ ನಗುತ್ತಿದ್ದರು.

ಇಟ್ಟಿಗೆಯಷ್ಟು ದಪ್ಪದ ಆ ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ. ಮೊದಲ ಪುಟದಲ್ಲೇ ‘ಕಚೇರಿಯಿಂದ ಹೊರಗೆ ಒಯ್ಯಕೂಡದು’ ಎಂಬ ನೇರಳೆ ಮೊಹರು. ನಾನು ಮೆಲ್ಲಗೆ ಅದನ್ನು ತೋರಿಸಿದಾಗ ಮಾಮನಿಗೆ ಕಿಂಚಿತ್ತೂ ಅಳುಕಿಲ್ಲ.

“ನಾನು ರಿಟೈರ್ ಆಗುವ ವಾರ ಹೊಸ ಆವೃತ್ತಿ ಬಂತು. ಇದು ರದ್ದಿಗೆ ಹೋಯ್ತು. ರದ್ದಿಯನ್ನು ಒಯ್ಯಬಾರದು ಅಂತ ಎಲ್ಲಿಯಾದ್ರೂ ಉಂಟಾ? ತೋರ್ಸು ನೋಡುವ!”

ಬ್ರಿಟಿಷರು ಕಟ್ಟಿದ, ಕಡಲಿಗೆ ಮುಖಮಾಡಿದ ಒಂದು ಹಳೆಯ ವಿಶ್ವವಿದ್ಯಾಲಯದಲ್ಲಿ ಗುಮಾಸ್ತರಾಗಿ ಸೇರಿ, ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು ಮಾಮ. ಎಂಬತ್ತರ ದಶಕದ ನಡುವೆ ಒಂದು ವರ್ಷ, ನಮ್ಮ ಪಕ್ಕದ ಮನೆಯಲ್ಲಿದ್ದ ತಮ್ಮ ಮಗಳು ಸುಧಾಳ ಜೊತೆ ಇರಲು ಬಂದಿದ್ದರು. ನಾನು ಓದಿದ ನನ್‌ಗಳ ಕಾಲೇಜು ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಎಂದು ತಿಳಿದ ದಿನದಿಂದ, ಸಂಜೆಯ ಕಾಫಿ ನಮ್ಮ ಮನೆಯಲ್ಲೇ.

ಮಾಮನಿಗೆ ಬಲು ಪ್ರಿಯವಾದ ವಿಷಯ ವಿಶ್ವವಿದ್ಯಾಲಯದ ಹಣಕಾಸು. ಬೇರೆಯವರ ಬಾಯಲ್ಲಾಗಿದ್ದರೆ ನಿದ್ದೆ ಬರುತ್ತಿತ್ತೇನೋ.

“ಸರಕಾರ ಕೊಡ್ತಿದ್ದದ್ದು ಚಟ್ನಿಗೆ ಹಾಕುವ ಉಪ್ಪಿನಷ್ಟು. ಉಳಿದದ್ದೆಲ್ಲ ಪರೀಕ್ಷೆ ಫೀಸು. ಪಾಸಾದವ ಒಂದು ಸಲ ಕಟ್ಟಿ ಹೋಗ್ತಾನೆ, ಅವನಿಂದ ಎಂತ ಲಾಭ? ಫೇಲಾದವ ಹಾಗಲ್ಲ. ವರ್ಷ ವರ್ಷ ಬರ್ತಾನೆ, ಮರ್ಯಾದೆಯಲ್ಲಿ ಕಟ್ತಾನೆ. ಆ ಗೋಪುರ, ಆ ಗಡಿಯಾರ ಎಲ್ಲ ಯಾರದ್ದು ಅಂತ ಮಾಡಿದ್ದಿ? ಫೇಲಾದವರದ್ದು! ನಾನೇ ಇಂಟರ್‌ಮೀಡಿಯೆಟಿಗೆ ಮೂರು ಸಲ ಕಟ್ಟಿದ್ದೇನೆ. ಗಡಿಯಾರದ ದೊಡ್ಡ ಮುಳ್ಳು ನನ್ನದು.”

“ಪಪ್ಪಾ, ಅದನ್ನೆಲ್ಲ ಹೇಳ್ಬೇಕಾ?” ಸುಧಾ ನಾಚಿಕೊಳ್ಳುತ್ತಿದ್ದಳು.

“ದಾನ ಕೊಟ್ಟದ್ದನ್ನು ಮುಚ್ಚಿಡ್ಬೇಕಾ?”

ಹೀಗೆ ಸಾವಿರಾರು ಜನರ ಪದವಿಯ ಪಟ್ಟಿ ಬರೆದ ಮಾಮನಿಗೆ ಸ್ವಂತ ಪದವಿ ಇರಲಿಲ್ಲ. ಅದನ್ನು ಅವರು ಬೇರೆ ಯಾರದೋ ಸುದ್ದಿಯಂತೆ ಹೇಳುತ್ತಿದ್ದರು.

ಸಣ್ಣ ಅಕ್ಷರದಲ್ಲಿ ಏನು ಮುದ್ರಿಸಿದ್ದರೂ ಅವರಿಗೆ ಹಬ್ಬ. ಬಾಲ್ಕನಿಯ ಕಂಬಿಗೆ ನಾನು ಸೀರೆ ಒಣಹಾಕಿದ್ದಕ್ಕೆ ಅಪಾರ್ಟ್‌ಮೆಂಟಿನ ಮ್ಯಾನೇಜರಮ್ಮ ಡಾರತಿ ಒಮ್ಮೆ ನೋಟಿಸು ಅಂಟಿಸಿದಳು. ಮಾಮ ನಮ್ಮ ಬಾಡಿಗೆ ಕರಾರನ್ನು ಇಸಿದುಕೊಂಡು ಹೋಗಿ ಮಾರನೆಯ ದಿನ ಬಂದರು. “ಕಂಬಿಯ ಮೇಲೆ ಹಾಕಬಾರದು ಅಂತ ಉಂಟು. ಕುರ್ಚಿಯ ಮೇಲೆ ಹಾಕಬಾರದು ಅಂತ ಇಲ್ಲ.” ನಾಲ್ಕು ಕುರ್ಚಿ ಸಾಲಾಗಿಟ್ಟು ಸೀರೆ ಹರಡಿದೆವು. ಡಾರತಿ ಸೊಂಟದ ಮೇಲೆ ಕೈಯಿಟ್ಟು ಕರಾರನ್ನು ಎರಡು ಸಲ ಓದಿದಳು, ಮಾಮನನ್ನು ಒಂದು ಸಲ ನೋಡಿದಳು, ಗಹಗಹಿಸಿ ನಕ್ಕಳು. ಅಂದಿನಿಂದ ಇಬ್ಬರೂ ಗೆಳೆಯರು.

ಇಷ್ಟೆಲ್ಲ ನಗಿಸಿದ ಮನುಷ್ಯ ಒಂದು ಸಂಜೆ ನನ್ನ ಕಣ್ಣಲ್ಲಿ ನೀರು ತರಿಸಿದರು.

ಹತ್ತಿರದ ಶಾಲೆಯ ಲೈಬ್ರರಿಯಲ್ಲಿ ಜನವರಿಯಿಂದ ಒಂದು ಕೆಲಸವಿತ್ತು. ಪದವೀಧರರೇ ಬೇಕೆಂದು ಕೇಳಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ, ಮೊದಲ ಬಾರಿ ನನ್ನದೇ ಒಂದು ಕೆಲಸ! ಮಕ್ಕಳ ಪುಸ್ತಕಗಳ ವಾಸನೆ ಆಗಲೇ ಮೂಗಿಗೆ ಬರುತ್ತಿತ್ತು. ಅರ್ಜಿ ಕೊಟ್ಟು ಬಂದು, ಅದರ ನಕಲನ್ನು ಹೆಮ್ಮೆಯಿಂದ ಮಾಮನಿಗೆ ತೋರಿಸಿದೆ. ಅವರ ಬೆರಳು ಒಂದು ಗೆರೆಯ ಮೇಲೆ ನಿಂತಿತು.

“ಪದ್ಮಿನಿ, ಬಿ.ಎ. ಅಂತ ಬರೆದಿದ್ದೀಯಲ್ಲ. ಘಟಿಕೋತ್ಸವಕ್ಕೆ ಹೋಗಿದ್ದಿಯಾ?”

“ಇಲ್ಲ ಮಾಮ, ಅದೇ ತಿಂಗಳು ಮದುವೆ. ಪಾಸಾದ ಸರ್ಟಿಫಿಕೇಟ್ ಇದೆಯಲ್ಲ.”

“ಗೈರುಹಾಜರಿಯಲ್ಲಿ ಕೊಡಿ ಅಂತ ಅರ್ಜಿ?”

“ಹಾಕಲಿಲ್ಲ.”

“ಹಾಗಾದ್ರೆ ನೀನು ಬಿ.ಎ. ಪರೀಕ್ಷೆ ಪಾಸಾದವಳು ಮಾರಾಯ್ತಿ. ಬಿ.ಎ. ಅಲ್ಲ. ಘಟಿಕೋತ್ಸವದಲ್ಲಿ ಹೆಸರು ಕರೆದು ಪದವಿಗೆ ಸೇರಿಸಿಕೊಳ್ಳುವವರೆಗೆ ಯಾರೂ ಅಲ್ಲ.”

ನಮ್ಮವರು ಟಿವಿಯ ಮುಂದಿನಿಂದ ಎದ್ದು ಬಂದರು. “ಏನ್ ಮಾಮ, ಬಿ.ಎ. ಹುಡುಗಿ ಅಂತ ಮದ್ವೆ ಮಾಡ್ಕೊಂಡೆ. ಲಗ್ನಪತ್ರಿಕೇಲೂ ಪ್ರಿಂಟಾಗಿತ್ತಲ್ಲ!”

“ನಿಮಗೆ ಯಾರೋ ಟೋಪಿ ಹಾಕಿದ್ದಾರೆ ಮಾರಾಯ್ರೆ.”

ಅವರಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಅರ್ಜಿಯ ಕೊನೆಗೆ ‘ಮೇಲಿನದೆಲ್ಲ ಸತ್ಯ’ ಎಂಬುದರ ಕೆಳಗೆ ನನ್ನ ಸಹಿಯಿತ್ತು. ಒಂದು ರಬ್ಬರಿನ ತುಂಡು ಕದ್ದದ್ದಕ್ಕೂ ಸಿಸ್ಟರ್ ಮುಂದೆ ಒಪ್ಪಿಕೊಂಡು ಬೆಳೆದವಳು ನಾನು. ಮಾರನೆಯ ಬೆಳಿಗ್ಗೆ ಶಾಲೆಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಆಫೀಸಿನ ಹೆಂಗಸು ಒಳ್ಳೆಯವಳು. ಕ್ರಿಸ್‌ಮಸ್ ರಜೆ ಮುಗಿಯುವುದರೊಳಗೆ ಪದವಿ ಪತ್ರ ತಂದರೆ ಕೆಲಸ, ಇಲ್ಲದಿದ್ದರೆ ಪಟ್ಟಿಯಲ್ಲಿರುವ ಮುಂದಿನವರಿಗೆ ಎಂದಳು.

ಫೋನಿಟ್ಟು ತಿರುಗಿದರೆ, ಬಾಗಿಲಲ್ಲಿ ಮಾಮ. ಕಂಕುಳಲ್ಲಿ ಪುಸ್ತಕ, ಕೈಯಲ್ಲಿ ಅಡಿಕೋಲು.

“ಈ ಸಲದ ಘಟಿಕೋತ್ಸವ ನವೆಂಬರಿನಲ್ಲಿ. ಅರ್ಜಿಗೆ ಇನ್ನೂ ಹನ್ನೊಂದು ದಿನ ಉಂಟು. ಕೂತ್ಕೋ.”

ಅಮೆರಿಕದಲ್ಲಿ ನಮೂನೆ ಎಲ್ಲಿಂದ ಬರಬೇಕು? ಬಿಳಿ ಹಾಳೆಯ ಮೇಲೆ ಮಾಮನೇ ಗೆರೆ ಎಳೆದು, ಅಂಚು ಬಿಟ್ಟು, ಅಚ್ಚು ಹಾಕಿದಂತೆ ಬರೆದರು. ತಪ್ಪಿದ ಘಟಿಕೋತ್ಸವಗಳಿಗೆ ಎಷ್ಟು ದಂಡ, ಯಾರ ಹೆಸರಿಗೆ ಡ್ರಾಫ್ಟು ಎಂದು ಬೆಂಗಳೂರಿನ ನನ್ನ ಅಣ್ಣನಿಗೆ ಬೇರೆ ಕಾಗದ. ‘ಹಾಜರಾಗದಿರಲು ಕಾರಣ’ ಎಂಬಲ್ಲಿ ಪೆನ್ನು ನಿಂತಿತು.

“ಮದ್ವೆ ಅಂತ ಬರೀರಿ ಮಾಮ,” ಎಂದರು ನಮ್ಮವರು.

“ಅದು ಕಾರಣಗಳ ಪಟ್ಟಿಯಲ್ಲಿ ಇಲ್ಲ. ‘ಅನಿವಾರ್ಯ’ ಅಂತ ಒಂದು ಉಂಟು, ಅದರಲ್ಲಿ ಸೇರಿಸುವ.”

ಅರ್ಜಿ ಸ್ವೀಕಾರವಾಯಿತೆಂದು ಅಣ್ಣ ಬರೆದ ಮೇಲೂ ಮಾಮನಿಗೆ ಸಮಾಧಾನವಿಲ್ಲ. “ಹಾಜರಿದ್ದವರಿಂದ ಪ್ರತಿಜ್ಞೆ ತಕ್ಕೊಳ್ತಾರೆ. ಗೈರುಹಾಜರಾದವರನ್ನು ಕೇಳುವವರೇ ಇಲ್ಲ. ಬ್ರಿಟಿಷರು ಇಷ್ಟು ದೊಡ್ಡ ಓಟೆ ಹೇಗೆ ಬಿಟ್ಟರೋ!” ಆ ಓಟೆಯನ್ನು ಮುಚ್ಚುವ ಜವಾಬ್ದಾರಿ ತಮ್ಮದೆಂದು ಅವರೇ ತೀರ್ಮಾನಿಸಿದರು.

ಘಟಿಕೋತ್ಸವದ ಶನಿವಾರ ಬಂತು. ನಮಗೆ ಬೆಳಗಾಗುವಾಗ ಊರಲ್ಲಿ ಎಲ್ಲ ಮುಗಿದು ಎಷ್ಟೋ ಹೊತ್ತಾಗಿತ್ತು. “ತಾರೀಕು ಅದೇ ಉಂಟಲ್ಲ, ಸಾಕು,” ಎಂದು ಬೆಳಿಗ್ಗೆ ಹತ್ತಕ್ಕೆ ಈಜುಕೊಳದ ಪಕ್ಕ ಸಭೆ ಕರೆದರು. ನನ್ನ ಕಪ್ಪು ರೇನ್‌ಕೋಟೇ ಗೌನು. ಬಿ.ಎ.ಯವರಿಗೆ ಬೆನ್ನ ಮೇಲೆ ಇಳಿಬೀಳುವ ಕೆಂಪು ವಸ್ತ್ರಕ್ಕೆ ಸುಧಾಳ ರವಿಕೆ ಕಣ. ಚಾನ್ಸೆಲರ್ ಸ್ಥಾನದಲ್ಲಿ, ನೀಲಿ ವೆಲ್ವೆಟ್ಟಿನ ಮನೆಯಂಗಿ ತೊಟ್ಟ ಡಾರತಿ.

“ಚಾನ್ಸೆಲರ್ ಅಂದ್ರೆ ಗವರ್ನರು. ಆಗ ಬಿಳಿಯವರೇ ಇರ್ತಿದ್ದದ್ದು,” ಎಂದು ಮಾಮ ನನಗೆ ಮಾತ್ರ ಕೇಳಿಸುವಂತೆ ಹೇಳಿದರು. “ಇವಳಷ್ಟು ಲಕ್ಷಣವಾಗಿ ಇರ್ಲಿಲ್ಲ.”

ನೀವೇ ಪದವಿ ಕೊಡಿ ಎಂದರೆ ಅವರು ಒಪ್ಪಿರಲಿಲ್ಲ. ತಮ್ಮ ಜಾಗ ಪಕ್ಕದಲ್ಲಿ, ಪಟ್ಟಿ ಹಿಡಿದು. ಆ ಪಟ್ಟಿಯಲ್ಲಿ ಒಂದೇ ಹೆಸರು. ಮಫ್ಲರು ಬಿಚ್ಚಿ ಮಡಚಿಟ್ಟು, ಸಾವಿರ ಜನರ ಸಭಾಂಗಣಕ್ಕೆ ಕೇಳುವಂತೆ ನನ್ನ ಹೆಸರು ಕೂಗಿದರು. ಮೇಲಿನ ಮಹಡಿಯ ಎರಡು ಕಿಟಕಿ ತೆರೆದವು. ಮಾಮ ಬರೆದುಕೊಟ್ಟ ಚೀಟಿ ನೋಡಿ ಡಾರತಿ ಕೇಳಿದಳು: ಕಲಿತದ್ದಕ್ಕೆ ಕಳಂಕ ತಾರದೆ ನಡೆಯುತ್ತೀಯಾ?

ಅಲ್ಲಿಯವರೆಗೂ ನಗುತ್ತಲೇ ಇದ್ದ ನಾನು ನಗು ನಿಲ್ಲಿಸಿ ನೆಟ್ಟಗೆ ನಿಂತೆ. ಹೂಂ ಎಂದೆ. ಕೇಳಿಸಲಿಲ್ಲವೆಂದು ಮಾಮ ಮತ್ತೊಮ್ಮೆ ಹೇಳಿಸಿದರು.

“ಇನ್ನು ತಿನ್ನಬಹುದಾ?” ಡಾರತಿಯ ಕಣ್ಣು ಗೋಲಿಬಜೆಯ ತಟ್ಟೆಯ ಮೇಲಿತ್ತು.

“ಸಭೆ ವಿಸರ್ಜನೆ ಆಗ್ಲಿಲ್ಲ!” ಮಾಮ ಗದರಿದರು.

ಮುಂದಿನ ವಾರವೇ ಅವರು ಊರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ನಾವು ಕೈಬೀಸುತ್ತಿದ್ದರೆ, ಅವರು ಟಿಕೆಟಿನ ಹಿಂಬದಿಯ ಷರತ್ತು ಓದುತ್ತಾ ಒಳಗೆ ನಡೆದೇಬಿಟ್ಟರು. ಮತ್ತೆ ನಾನವರನ್ನು ನೋಡಲಿಲ್ಲ.

ಪದವಿ ಪತ್ರ ಶಾಲೆ ತೆರೆಯಲು ಮೂರು ದಿನವಿರುವಾಗ ಬಂತು. ಆಫೀಸಿನವಳು ನಕಲು ತೆಗೆದುಕೊಂಡು, “ಸೋಮವಾರ ಎಂಟಕ್ಕೆ ಬಂದುಬಿಡಿ,” ಎಂದಳು. ಆ ಸಂಜೆಯೇ ಮಾಮನಿಗೆ ಪತ್ರದ ನಂಬರು, ತಾರೀಕು ಎಲ್ಲ ಬರೆದೆ.

ಅಲ್ಲಿಂದ ಬಂದ ಉತ್ತರದಲ್ಲಿ ಒಂದೇ ಸಾಲು: ‘ದಾಖಲಿಸಿಕೊಂಡಿದ್ದೇನೆ.’ ಹೇಳಬೇಕಾದದ್ದನ್ನೆಲ್ಲ ಲಕೋಟೆಯ ಮೇಲೇ ಹೇಳಿದ್ದರು. ‘ಶ್ರೀಮತಿ ಪದ್ಮಿನಿ, ಬಿ.ಎ.’ ಎಂದು ಬರೆದು ಅಡಿಕೋಲಿಟ್ಟು ಕೆಳಗೆ ಗೆರೆ ಎಳೆದಿದ್ದರು. ಆ ಎರಡು ಚುಕ್ಕೆಗಳನ್ನು ಎಷ್ಟು ಒತ್ತಿ ಇಟ್ಟಿದ್ದರೆಂದರೆ ಕಾಗದ ತೂತಾಗಿತ್ತು. ಕಿಟಕಿಗೆ ಹಿಡಿದರೆ ಅಲ್ಲಿಂದ ಬೆಳಕು ಬರುತ್ತಿತ್ತು.