ನನಗೆ ಒಗ್ಗದ ಕರಿ ಅತ್ತರು

ಬೀದರಿನ ಹಳೇ ಊರಿನಲ್ಲಿ, ಚೌಬಾರಾ ಗೋಪುರದಿಂದ ಸ್ವಲ್ಪ ಒಳಗೆ, ಒಂದು ಅತ್ತರಿನ ಅಂಗಡಿ ಇದೆ. ಅಂಗಡಿ ಎನ್ನುವುದು ದೊಡ್ಡ ಮಾತಾಯಿತು. ಒಬ್ಬ ಮುದುಕ, ಒಂದು ಗಾಜಿನ ಕಪಾಟು, ಗಿರಾಕಿ ಕೂರಲು ಒಂದು ಸ್ಟೂಲು, ಅಷ್ಟೇ. ಅದೇ ದಾರಿಯಲ್ಲಿ ಇಪ್ಪತ್ತು ವರ್ಷ ಪಾಠ ಹೇಳಲು ಶಾಲೆಗೆ ಹೋಗಿದ್ದೇನೆ, ಒಂದು ದಿನವೂ ಆ ಅಂಗಡಿಗೆ ಕಾಲಿಟ್ಟಿರಲಿಲ್ಲ. ಮಗಳ ನಿಶ್ಚಯ ಭಾಲ್ಕಿಯಲ್ಲಿ, ಗಂಡಿನವರ ಮನೆಯಲ್ಲೇ ಎಂದು ತೀರ್ಮಾನವಾದ ವಾರ ಹೋದೆ. ನನಗೆ ಬೇಕಾಗಿ ಅಲ್ಲ. ನನ್ನ ದೊಡ್ಡವ್ವನ ಮೈಯಿಂದ ಕುರಿಯ ವಾಸನೆ ಬರುತ್ತದೆ, ಅದನ್ನು ಮುಚ್ಚಬೇಕಾಗಿತ್ತು.

ಇದನ್ನು ಹೀಗೆ ನೆಟ್ಟಗೆ ಬರೆಯುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು. ಅಲ್ಲಿಯವರೆಗೆ ಕೇಳಿದವರಿಗೆಲ್ಲ "ಪ್ರೀತಿಯಿಂದ ಕೊಟ್ಟ ಉಡುಗೊರೆ" ಎಂದೇ ಹೇಳಿಕೊಂಡು ತಿರುಗಿದ್ದೇನೆ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಔರಾದ ತಾಲ್ಲೂಕಿನ ಎಕಂಬಾದಲ್ಲಿ ಅವಳ ಮನೆ, ಒಂದಿಷ್ಟು ಒಣಭೂಮಿ, ನಲವತ್ತು ಕುರಿ. ನನಗೆ ಆರು ವರ್ಷವಿದ್ದಾಗ ಒಂದೇ ವರ್ಷದಲ್ಲಿ ಅಪ್ಪ, ಅವ್ವ ಇಬ್ಬರೂ ಹೋದರು. ದೊಡ್ಡವ್ವ ಬಂದು ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕರೆದೊಯ್ದಳು. ಅವಳ ಸ್ವಂತ ಮಗಳು ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಜ್ವರದಿಂದ ತೀರಿಕೊಂಡಿದ್ದಳು. ಹೋದ ದಿನವೇ ದೊಡ್ಡವ್ವ ಆ ಹುಡುಗಿಯ ಲಂಗ ತೆಗೆದು ನನಗೆ ತೊಡಿಸಿದಳು, ತನ್ನ ಕಂಬಳಿಯೊಳಗೆ ಸೇರಿಸಿಕೊಂಡು ಮಲಗಿಸಿದಳು. ಉಣ್ಣೆ, ಹಾಲು, ಗೊಬ್ಬರ, ಬೆವರು, ಎಲ್ಲ ಕಲೆತ ಆ ವಾಸನೆಗೆ ಮೊದಲು ಉಸಿರು ಕಟ್ಟಿತು. ವಾರ ಕಳೆಯುವುದರಲ್ಲಿ ಅದಿಲ್ಲದೆ ನಿದ್ದೆ ಬರದಂತಾಯಿತು.

ಆ ಲಂಗದ ಅರ್ಥ ನನಗೆ ಎರಡು ಮೂರು ವರ್ಷ ಬಿಟ್ಟು ಕುರಿಹಟ್ಟಿಯಲ್ಲಿ ತಿಳಿಯಿತು. ಒಂದು ಕುರಿಯ ಮರಿ ಸತ್ತಿತ್ತು, ಇನ್ನೊಂದು ಮರಿಗೆ ತಾಯಿ ಇರಲಿಲ್ಲ. ಕುರಿ ತನ್ನ ಮರಿಯನ್ನು ಗುರುತಿಸುವುದು ಮೂಗಿನಿಂದ; ಬೇರೆ ಮರಿ ಮೊಲೆಗೆ ಬಂದರೆ ಒದ್ದು ಕೆಡಹುತ್ತದೆ. ದೊಡ್ಡವ್ವ ಸತ್ತ ಮರಿಯ ಚರ್ಮ ಸುಲಿದು ತಬ್ಬಲಿ ಮರಿಯ ಬೆನ್ನಿಗೆ ಕಟ್ಟಿದಳು. ಕುರಿ ಮೂಸಿತು, ಮತ್ತೆ ಮೂಸಿತು, ಸುಮ್ಮನೆ ನಿಂತು ಹಾಲು ಕೊಟ್ಟಿತು. "ಎರಡ ದಿನ ಕಟ್ಟಿದ್ರ ಸಾಕ. ಆಮ್ಯಾಲ ತನ್ನದೇ ಆಗ್ತದ," ಎಂದಳು ದೊಡ್ಡವ್ವ. ನಾನು ಮೈಮೇಲಿನ ಲಂಗ ನೋಡಿಕೊಂಡೆ. ಅಳು ಬಂತು, ಯಾಕೆಂದು ಅವಳು ಕೇಳಲಿಲ್ಲ.

ಆ ಹಟ್ಟಿಯಿಂದಲೇ ಔರಾದಿನ ಶಾಲೆಗೆ ಹೋದೆ, ಬೀದರಿನಲ್ಲಿ ಓದಿ ಶಿಕ್ಷಕಿಯಾದೆ, ನೌಕರಿಯವನನ್ನು ಮದುವೆಯಾದೆ. ಪಕ್ಕಾ ಮನೆ ಬಂತು, ಸೋಫಾ ಬಂತು, ಅದರ ಜೊತೆಗೇ ಮೂಗೂ ಸ್ವಲ್ಪ ಮೇಲೆ ಹೋಯಿತು. ದೊಡ್ಡವ್ವ ಬಂದು ಹೋದ ಮೇಲೆ ಕಿಟಕಿ ತೆರೆದು ಊದಿನಕಡ್ಡಿ ಹಚ್ಚುವ ಹೆಂಗಸು ನಾನಾದೆ.

ಅತ್ತರಿನ ಮುದುಕ ಮೊದಲು ಕೇಳಿದ್ದು ಬೆಲೆಯ ಮಾತಲ್ಲ. "ಯಾರ ಸಲುವಾಗಿ ಬೇಕ್ರಿ ಬಾಯಿ?"

"ನಮ್ಮ ಹಿರೇರೊಬ್ಬರ ಸಲುವಾಗಿರಿ."

"ಅವ್ರನ್ನ ಕರ್ಕೊಂಡ ಬಂದಿಲ್ಲೇನ್ರಿ? ಮೈಗಿ ಹಚ್ಚದೇ ಅತ್ತರ ಕೊಡೋದು ಹ್ಯಾಂಗ್ರಿ? ಇರ್ಲಿ, ಅವ್ರು ಹ್ಯಾಂಗ ಅದಾರ, ಅದನ್ನರ ಹೇಳ್ರಿ."

ಹೇಳಿದೆ. ಮಾತು ಕಮ್ಮಿ. ಅತ್ತದ್ದು ನಾನು ನೋಡಿಲ್ಲ. ಕೊಟ್ಟದ್ದನ್ನು ಎಂದೂ ಎತ್ತಿ ಆಡಿದವಳಲ್ಲ. ಮಳೆಯಾಗಲಿ ಬಿಸಿಲಾಗಲಿ ಮುಖ ಒಂದೇ. ಹೇಳುತ್ತ ಹೋದಂತೆ ನನ್ನ ದನಿ ನನಗೇ ಮೆತ್ತಗಾಗಿ ಕೇಳಿಸಿತು. ಮುದುಕ ಕಪಾಟಿನ ಕೆಳಗಿನ ಸಾಲಿನಿಂದ ಒಂದು ಸೀಸೆ ತೆಗೆದ. ಒಳಗೆ ಬೆಲ್ಲದ ಪಾಕದಷ್ಟು ಕಪ್ಪು, ಅಷ್ಟೇ ಮಂದ. ಲಾಮಂಚದ ಬೇರು, ಸುಟ್ಟ ಮಣ್ಣು, ಇನ್ನೂ ಏನೇನೋ ಬೇರುಗಳ ಹೆಸರು ಹೇಳಿದ. ಗಾಜಿನ ಕಡ್ಡಿಯಿಂದ ನನ್ನ ಮುಂಗೈ ಹಿಂದೆ ಒಂದು ಚುಕ್ಕೆ ಇಟ್ಟು, "ಚೌಬಾರಾ ತನಕ ಹೋಗಿ ಬರ್ರಿ, ಈಗ ಮೂಸಬ್ಯಾಡ್ರಿ," ಎಂದ. ಅದು ಅವನ ಪದ್ಧತಿಯಂತೆ. ನಡೆದು ಬರದವರಿಗೆ ಅವನು ಅತ್ತರು ಮಾರುವುದಿಲ್ಲ.

ಹೋಗಿ ಬಂದೆ. ಮೂಸಿದರೆ ಮೂಲೆಯಲ್ಲಿ ನೆನೆದು ಬಿದ್ದ ಗೋಣಿಚೀಲದ ನಾತ. ಮುದುಕ ನನ್ನ ಕೈಯ ಹತ್ತಿರ ಬಗ್ಗಿ ನಕ್ಕ. "ನಿಮಗ ಆಗಂಗಿಲ್ರಿ ಇದು. ಗುಲಾಬಿ, ಮಲ್ಲಿಗಿ ಎಲ್ಲಾರ ಮೈಮ್ಯಾಲೂ ನಗ್ತಾವ. ಇದು ಇದ್ದಂಗ ಇರೋರಿಗೇ ಆಗ್ತದ. ಮಂದಿ ಏನಂತಾರೋ ಅಂತ ದಿನಾ ಅಂಜೋರ ಮೈಮ್ಯಾಲ ಹುಳಿ ಆಗ್ತದ."

ವ್ಯಾಪಾರಕ್ಕೆ ಕೂತವನಿಗೆ ಇಷ್ಟು ನಾಲಿಗೆ ಯಾಕೆ ಎಂದು ಸಿಟ್ಟು ಬಂತು. ಆದರೂ ಕೊಂಡೆ.

ನಿಶ್ಚಯದ ಮುಂಜಾನೆ ದೊಡ್ಡವ್ವ ಇಳಕಲ್ ಸೀರೆ ಉಟ್ಟುಕೊಂಡು ಎಕಂಬಾದಿಂದ ನೇರ ಭಾಲ್ಕಿಗೆ ಬಂದಳು. ಬಸ್‌ಸ್ಟ್ಯಾಂಡಿನಲ್ಲೇ ಅವಳನ್ನು ಒಂದು ಬದಿಗೆ ಕರೆದೊಯ್ದು ಕೊರಳಿಗೆ, ಕೈಗೆ, ಸೆರಗಿಗೆ ಅತ್ತರು ಬಳಿದೆ. ಬಳಿದೆ ಎಂಬುದೇ ಸರಿಯಾದ ಮಾತು. "ಇಷ್ಟ್ಯಾಕ ಹಚ್ತಿ?" ಎಂದಳು. "ಚಂದ ಇರ್ತದ, ಸುಮ್ನಿರ ದೊಡ್ಡವ್ವ," ಎಂದು ಸೀಸೆಯನ್ನೂ ಅವಳ ಚೀಲಕ್ಕೇ ಹಾಕಿದೆ. ಅವಳು ಕೈ ಮೂಸಿಕೊಂಡು, "ಮೊದಲ ಮಳಿ ಬಿದ್ದ ಹೊಲದಂಗ ಅದ," ಎಂದು ಮುಖವರಳಿಸಿದಳು. ನಿಜವಾಗಿಯೂ ಹಾಗೇ ಇತ್ತು. ನನ್ನ ಮೈಮೇಲೆ ಗೋಣಿಚೀಲವಾಗಿದ್ದದ್ದು ಅವಳ ಮೈಮೇಲೆ ಹದವಾದ ಕರಿಮಣ್ಣಾಗಿತ್ತು.

ಬೀಗರು ಓದಿದ ಮಂದಿ, ತಮ್ಮೊಳಗೆ ಮರಾಠಿ, ನಮ್ಮ ಜೊತೆ ಕನ್ನಡ. ಅವರಲ್ಲಿ ಅತ್ತರು, ಪನ್ನೀರು ಚಿಮುಕಿಸುವ ಗುಲಾಬದಾನಿ ಇಟ್ಟ ತಟ್ಟೆ ಮೊದಲು ಹೋಗುವುದು ಹುಡುಗಿಯ ತಾಯಿಯ ತವರಿನವರ ಕಡೆಗೆ. ಅವರಿಗೆ ಹಚ್ಚಿದ ಮೇಲೆಯೇ ಉಳಿದವರಿಗೆ. ತಟ್ಟೆ ಹಿಡಿದು ಬೀಗತಿ ಬಂದರು. ದೊಡ್ಡವ್ವ ನನ್ನ ಪಕ್ಕದಲ್ಲೇ ಕೂತಿದ್ದಳು.

"ಏನ ಚಂದ ವಾಸನಿ ಬರ್ಲತ್ತದ್ರಿ ಇಲ್ಲಿ," ಎಂದು ಬೀಗತಿ ನಕ್ಕರು. ಆಮೇಲೆ, "ನಿಮ್ಮ ತವರಿನವ್ರು ಯಾರ್ರಿ? ಮೊದಲ ಅವರಿಗಿ ಹಚ್ಚಬೇಕಲ್ರಿ."

ದೊಡ್ಡವ್ವ ಕೈ ಮುಂದೆ ಚಾಚಲು ಸೆರಗು ಸರಿಮಾಡಿಕೊಂಡಳು. ನಾನು ಅವಳ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ಕೂತ ಕಪ್ಪು, ಉಣ್ಣೆ ಕತ್ತರಿಸುವ ಕತ್ತರಿ ತಾಗಿ ತಾಗಿ ದಡ್ಡುಗಟ್ಟಿದ ಹೆಬ್ಬೆರಳು.

"ನನಗ ತವರಿಲ್ರಿ," ಎಂದೆ. "ಅಪ್ಪ ಅವ್ವ ನಾ ಸಣ್ಣಾಕಿ ಇದ್ದಾಗೇ ಹೋದ್ರು."

"ಅಯ್ಯ ಪಾಪ. ಮತ್ತ ಈ ಅಜ್ಜಿ ಯಾರ್ರಿ?"

"ಎಕಂಬಾದವ್ರು. ನಮ್ಮ ಪರಿಚಯದವ್ರು."

ನನ್ನ ಗಂಡ ನೆಲ ನೋಡಿದರು. ಮಗಳು ನನ್ನನ್ನೇ ನೋಡಿದಳು. ದೊಡ್ಡವ್ವ ಸೆರಗಿನೊಳಗೆ ಕೈ ಎಳೆದುಕೊಂಡಳು, ಅಷ್ಟೇ. ತಟ್ಟೆ ಮುಂದೆ ಹೋಯಿತು. ವಾಸನೆಗೆ ಹೆದರಿ ಹಾಗಂದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುವ ಹಾಗೂ ಇಲ್ಲ. ವಾಸನೆ ಆಗಲೇ ಮುಚ್ಚಿಹೋಗಿತ್ತು. ಬೀಗತಿ ಅದನ್ನು ಮೆಚ್ಚಿಯೂ ಆಗಿತ್ತು. ಆಮೇಲೂ ಹಾಗಂದೆ.

ಊಟ ಮಾಡಿ, ಎಲ್ಲರಿಗೂ ಕೈಮುಗಿದು, ಅವಳು ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟಳು.

ತಿಂಗಳು ಬಿಟ್ಟು ಲಗ್ನಪತ್ರಿಕೆ ಹಿಡಿದು ಎಕಂಬಾಕ್ಕೆ ಹೋದೆ. ದೊಡ್ಡವ್ವ ಹಟ್ಟಿಯಲ್ಲಿದ್ದಳು. ನೀರು ಕೊಟ್ಟಳು, ಚಹಾ ಮಾಡಿದಳು, ಮಗಳ ಆರೋಗ್ಯ ಕೇಳಿದಳು. ಬೈದಿದ್ದರೆ ಕಾಲು ಹಿಡಿಯಲು ದಾರಿಯಾದರೂ ಸಿಗುತ್ತಿತ್ತು. ಪತ್ರಿಕೆಗೆ ಅರಿಶಿನ ಕುಂಕುಮ ಹಚ್ಚಿ ಅವಳ ಮುಂದಿಟ್ಟೆ. ಅವಳು ಅದನ್ನು ಮುಟ್ಟದೆ ಬೇರೆಯೇ ಮಾತು ತೆಗೆದಳು.

"ಭಾಲ್ಕಿಂದ ಬಂದ ದಿನಾನೇ ಕರಿ ಕುರಿ ಈಯ್ತು. ಮೂಗಿನ್ಯಾಗಿಂದು ಲೋಳಿ ಒರಸಿ, ಮರೀನ ಎತ್ತಿ ತಾಯಿ ಮುಂದ ಇಟ್ಟೆ. ಮೂಸ್ತು. ಒದೀತು."

ನಾನು ಚಹಾದ ಲೋಟ ಕೆಳಗಿಟ್ಟೆ.

"ಕೈಗಿ ಬೂದಿ ಹಚ್ಚಿ ತೊಳದೆ, ಮಣ್ಣ ಹಚ್ಚಿ ತೊಳದೆ. ನಿನ್ನ ಅತ್ತರ ಹೋಗಲಿಲ್ಲ. ಮರಿ ಮೈಗೂ ಹತ್ತಿತ್ತು. ಆಡಿನ ಹಾಲ ಕುಡಿಸಿ ನೋಡ್ದೆ. ಮೂರ ದಿನ ಇತ್ತು, ಹೋಯ್ತು."

ನಲವತ್ತು ವರ್ಷ ಮರಿ ಹಿಡಿದ ಕೈ ಅದು. ಎಂಥೆಂಥ ತಬ್ಬಲಿಗಳನ್ನು ಎಂಥೆಂಥ ತಾಯಿಗಳಿಗೆ ಸೇರಿಸಿದ ಕೈ. ಅದರಿಂದ ಮೊಟ್ಟಮೊದಲು ತಾಯಿ ಮರಿ ಅಗಲಿದ್ದು ನನ್ನ ದೆಸೆಯಿಂದ.

"ತಪ್ಪಾತು ದೊಡ್ಡವ್ವ," ಎಂದೆ. "ಅತ್ತರ ಹಚ್ಚಬಾರದಿತ್ತು."

"ಕುರಿ ಮ್ಯಾಲ ನನಗ ಸಿಟ್ಟಿಲ್ಲವ್ವ," ಎಂದಳು ಅವಳು. "ಅದಕ್ಕ ಗುರ್ತ ಸಿಗಲಿಲ್ಲ, ಒದೀತು. ನಿನಗ ಗುರ್ತ ಇತ್ತು."

ಎದ್ದು ಹೋಗಿ ಗೂಡಿನಿಂದ ಅತ್ತರಿನ ಸೀಸೆ ತಂದು ನನ್ನ ಕೈಗಿಟ್ಟಳು. "ಲಗ್ನಕ್ಕ ಬಾ ದೊಡ್ಡವ್ವ, ನೀ ಬರ್ದೇ ನಡಿಯಂಗಿಲ್ಲ," ಎಂದು ಅತ್ತೆ. ಅವಳು ನನ್ನ ಬೆನ್ನು ಸವರಲಿಲ್ಲ.

"ಬರ್ತಿದ್ದೆ," ಎಂದಳು. "ಯಾರ ಕಡೀಂದ ಬರ್ಲಿ?"

ಮದುವೆಗೆ ಅವಳು ಬರಲಿಲ್ಲ. ಹುಡುಗಿಯ ತಾಯಿಗೆ ತವರಿನವರು ತಂದ ಸೀರೆ ಉಡಿಸುವ ಶಾಸ್ತ್ರವೊಂದಿದೆ. ನನ್ನ ಸೀರೆಯನ್ನು ನಾನೇ ಬೀದರಿನಲ್ಲಿ ಕೊಂಡು ತಂದಿದ್ದೆ. ಮುಂಗೈಗೆ ಆ ಕರಿ ಅತ್ತರನ್ನೇ ಹಚ್ಚಿಕೊಂಡಿದ್ದೆ. ಮಂಟಪದ ಅಷ್ಟೂ ಹೂವಿನ ನಡುವೆ ಅದು ಹುಳಿ ಹುಳಿಯಾಗಿ ನಾರುತ್ತಿತ್ತು. ಬೀಗತಿ ಸೆರಗು ಹಿಡಿದು ನೋಡಿ, "ಸೀರಿ ಛಲೋ ಅದ್ರಿ. ಯಾರ ತಂದಾರ?" ಎಂದು ಕೇಳಿದರು.

"ನನ್ನ ದೊಡ್ಡವ್ವ ಕಳಿಸ್ಯಾಳ್ರಿ," ಎಂದೆ. "ನನ್ನ ಬೆಳಿಸಿದಾಕಿ. ಅಕೀದೇ ನನ್ನ ತವರಮನಿ."

ಮೊದಲ ಸಲ ಎಲ್ಲರೆದುರು ಅವಳನ್ನು ನನ್ನವಳೆಂದೆ. ಸೀರೆ ಅವಳದಾಗಿರಲಿಲ್ಲ.