ಸೊಲ್ಲಿಗೆ ಕಾದ ಪದ

ಹುಣಸೂರು ಸೀಮೆಯ ಮದುವೆಗಳಲ್ಲಿ ಸೋಬಾನೆ ಹೇಳಲು ನಮ್ಮ ಅತ್ತೆಯೇ ಆಗಬೇಕಿತ್ತು. ಅತ್ತೆ ಒಂದು ಸಾಲು ಹಾಡಿ ನಿಲ್ಲಿಸುವರು. ಹಿಂದೆ ಕೂತ ನಾವು ನಾಲ್ವರು ಸೊಸೆಯರು ಅದೇ ಸಾಲನ್ನು ಎತ್ತಿ ಹಾಡುವೆವು. ಇದಕ್ಕೆ ಸೊಲ್ಲು ಕೊಡುವುದು ಅನ್ನುತ್ತಾರೆ. ಸೊಲ್ಲು ಬರದೆ ಮುಂದಿನ ಸಾಲಿಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ.

ನಾನು ಮದುವೆಯಾಗಿ ಬಂದ ಹೊಸತು, ಐವತ್ತರ ದಶಕ. ಮದರಾಸಿನ ದೊಡ್ಡ ಗ್ರಾಮೊಫೋನ್ ಪ್ಲೇಟು ಕಂಪನಿಯವರು ಅತ್ತೆಯೊಬ್ಬರನ್ನೇ ಕರೆಸಿಕೊಂಡರು. ನಮ್ಮನ್ನು ಯಾರು ಕೇಳುತ್ತಾರೆ? ಅಲ್ಲಿ ಅತ್ತೆ ಒಂದು ಸಾಲು ಹಾಡಿ, ರೂಢಿಯಂತೆ ಸೊಲ್ಲಿಗೆ ಕಾದರು. ಹಾಡು ಕೊರೆದುಕೊಳ್ಳುವ ಮೇಣದ ತಟ್ಟೆ ಸುಮ್ಮನೆ ತಿರುಗುತ್ತಿತ್ತಂತೆ. ಇನ್ನೊಂದು ತಟ್ಟೆ ಇಟ್ಟರೂ ಅದೇ ಕಥೆ. ಈಕೆಗೆ ಪದ ಮರೆತುಹೋಗುತ್ತದೆ ಎಂದು ವಾಪಸು ಕಳಿಸಿಬಿಟ್ಟರು. ಬಂದ ಮೇಲೆ ಅತ್ತೆ ಹಾಡಲಿಲ್ಲ. ಮದುವೆಗೆ ಕರೆಯಲು ಯಾರಾದರೂ ಬಂದರೆ ಹಿತ್ತಿಲಿಗೆ ಹೋಗಿ ಕೂತುಬಿಡುತ್ತಿದ್ದರು.

ಮರುವರ್ಷ ಕೆ.ಆರ್. ನಗರದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವನೊಬ್ಬ ಬಂದ. ಒಂದು ಟೇಪ್ ಮಿಷನ್ನು ಕೊಂಡು, ತನ್ನದೂ ಪ್ಲೇಟು ಕಂಪನಿ ಎಂದು ಬೋರ್ಡು ಹಾಕಿಕೊಂಡಿದ್ದ.

"ಎಲ್ರೂ ಬನ್ನಿ ಅವ್ವ. ಅಳ್ಳೀಲಿ ಎಂಗೆ ಪದ ಆಡ್ತೀರೋ ಅಂಗೇ ಆಡಿ."

"ಇದೂ ಕೆಟ್ರೆ ಇನ್ನು ಬಾಯೇ ಬುಡಾಕಿಲ್ಲ ಕಣಪ್ಪ" ಅಂದರು ಅತ್ತೆ. ಅಂದರೆ ಅಂದ ಹಾಗೇ. ಅವರ ಹಟ ನನಗೆ ಗೊತ್ತಿತ್ತು.

ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ ಆಗ ಖಾಲಿಯಿತ್ತು. ಗೋಡೆ ದಪ್ಪ, ಹೊರಗಿನ ಸದ್ದು ಬಾರದು ಎಂದು ಅದರೊಳಗೇ ನಿಲ್ಲಿಸಿದ. ಘಾಟಿಗೆ ಕೆಮ್ಮು ಬರುತ್ತಿತ್ತು, ನುಂಗಿಕೊಂಡೆವು. "ನಾನು ಕೈ ಇಳ್ಸೋಗಂಟ ನೀವು ನಾಲ್ಕು ಜನ ಉಸಿರೆತ್ತಂಗಿಲ್ಲ" ಎಂದು ಕೈ ಮೇಲೆತ್ತಿ ನಮಗೆ ತಾಕೀತು ಮಾಡಿದ.

ಟೇಪು ಸುತ್ತತೊಡಗಿತು. ಅತ್ತೆಯ ದನಿ ಮೊದಲು ನಡುಗಿ, ಆಮೇಲೆ ನೆಟ್ಟಗಾಯಿತು. ಸಾಲು ಮುಗಿಯಿತು. ನಿಂತರು.

ಅವನ ಕೈ ಮೇಲೇ ಇತ್ತು. ಹಾಡಿಗೆ ಮೈಮರೆತು ಕಣ್ಣು ಮುಚ್ಚಿಕೊಂಡಿದ್ದ ಮಹಾರಾಯ! ಉಳಿದ ಮೂವರು ವಾರಗಿತ್ತಿಯರು ಆ ಕೈಯನ್ನೇ ನೋಡುತ್ತ ತುಟಿ ಕಚ್ಚಿ ನಿಂತಿದ್ದರು. ಅತ್ತೆ ನಿಧಾನವಾಗಿ ನಮ್ಮ ಕಡೆ ತಿರುಗಿದರು. ಮದರಾಸಿನಲ್ಲಿ ಅವರ ಮುಖ ಹೇಗಿದ್ದಿರಬೇಕೆಂದು ನನಗೆ ಆಗ ಗೊತ್ತಾಯಿತು. ಅವನ ಕೈ ಹಾಳಾಗಿ ಹೋಗಲಿ ಎಂದುಕೊಂಡು ಒಬ್ಬಳೇ ಸೊಲ್ಲೆತ್ತಿದೆ. ನನ್ನ ದನಿ ಅಷ್ಟೇನೂ ಚೆನ್ನಾಗಿಲ್ಲ, ಒಡಕು ಬೇರೆ. ಅರ್ಧ ಸಾಲಿಗೆ ವಾರಗಿತ್ತಿಯರೂ ಸೇರಿಕೊಂಡರು. ಅವನು ಬೆಚ್ಚಿ ಕೈ ಇಳಿಸಿದ. ಅತ್ತೆ ಎರಡನೆಯ ಸಾಲಿಗೆ ಹೋದರು, ಆಮೇಲೆ ನಿಲ್ಲಲೇ ಇಲ್ಲ.

ಆ ಟೇಪನ್ನು ಪ್ಲೇಟು ಮಾಡಿಕೊಟ್ಟದ್ದೂ ಅದೇ ದೊಡ್ಡ ಕಂಪನಿಯ ಕಾರ್ಖಾನೆಯೇ. ಚಿಕ್ಕ ಕಂಪನಿಯವರಿಗೆ ಬೇರೆ ದಾರಿ ಎಲ್ಲಿತ್ತು? ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಹೋಟೆಲುಗಳಲ್ಲಿ ಅದು ಹಾಡಿತು. ಕಾರ್ಖಾನೆಯಲ್ಲಿ ಕೇಳಿದವರು ಏನು ಹೇಳಿದರೋ, ಮದರಾಸಿನ ಕಂಪನಿಯವರು ನಮ್ಮ ಮನೆ ಹುಡುಕಿಕೊಂಡು ಕಾರಿನಲ್ಲಿ ಬಂದರು.

"ನಿಮ್ಮ ಕಂಠ ನಮಗೆ ಬೇಕಮ್ಮ. ನೀವೊಬ್ಬರೇ ಬನ್ನಿ ಸಾಕು. ಹಿಂದೆ ಪಿಟೀಲು ಇಡ್ತೀವಿ."

ಅತ್ತೆ ಒಬ್ಬರೇ ಹೋಗಿಬಿಡುತ್ತಾರೆ ಅಂದುಕೊಂಡೆ.

ಅತ್ತೆ ಬಾಗಿಲ ಹಿಂದಿದ್ದ ನನ್ನತ್ತ ಕೈ ತೋರಿದರು. "ಪಿಟೀಲು ಬ್ಯಾಡ ಸ್ವಾಮಿ. ಇವಳು ಬಾಯಿ ಬುಟ್ರೇನೇ ನಂಗೆ ಮುಂದ್ಲು ಸಾಲು ಬರಾದು. ಇವಳ್ನ ಕರ್ಕೊಂಡೋಗಿ, ಇವಳ ಜೊತೇಲಿ ನಾನೂ ಬತ್ತೀನಿ."

ಅವರು ಅದಕ್ಕೆ ಒಪ್ಪದೆ, ಬಂದ ಹಾಗೇ ಕಾರು ಹತ್ತಿ ಹೋದರು. ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಟ್ಟೆ.